ಎಡಗೈಗೆ ಒಂದು ಕ್ಯಾಮೆರಾ

ಮಾರ್ಚ್ ೭, ಗುರುವಾರ ಮಧ್ಯಾಹ್ನ

ನನ್ನ ಚಿನಕುರಳಿ ಮಗಳಿಗೆ, ಅಪ್ಪ ತಲೆ ಸವರಿ ಬರೆಯುವುದು.

ನಿನ್ನ ಕಾಗದ ಬಂದು ಹದಿನಾರು ದಿನವಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ, ಆದರೆ ಹೆದರಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅಮ್ಮನ ಮಂಡಿನೋವು ಅಷ್ಟಕ್ಕಷ್ಟೇ. ನನ್ನ ಕೆಮ್ಮು ಹೋಗಿದೆ, ಅಥವಾ ಹೋದ ಹಾಗಿದೆ. ಫೋನಿನಲ್ಲಿ ಹೇಳೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ಎಲ್ಲ ಮರೆತು, ಊಟ ಆಯ್ತಾ ಅಂತ ಕೇಳಿ ಇಟ್ಟುಬಿಡುತ್ತೇನೆ. ಐದನೇ ಕ್ಲಾಸು ಅರ್ಧಕ್ಕೇ ಬಿಟ್ಟವನ ಅಕ್ಷರ, ಓದಲಾಗದಿದ್ದರೆ ಬೆಳಕಿಗೆ ಹಿಡಿದು ಓದು. ಈ ಕಾಗದ ಇಪ್ಪತ್ತನೇ ತಾರೀಖಿನೊಳಗೆ ನಿನ್ನ ಕೈ ಸೇರುತ್ತದೋ ಇಲ್ಲವೋ ಅನ್ನುವುದೇ ಈಗ ನನಗೆ ಹತ್ತಿರುವ ದಿಗಿಲು. ಅಷ್ಟರೊಳಗೆ ತಾನೇ ನೀನು ನಿಮ್ಮ ಉದ್ಯಾನದ ಅಧಿಕಾರಿಗೆ ಹೂಗಳ ಫೋಟೋ ತೆಗೆಯುತ್ತೇನೆ ಅಥವಾ ಆಗುವುದಿಲ್ಲ ಅಂತ ಹೇಳಬೇಕಾದದ್ದು?

ನೀನು ಬರೆದದ್ದನ್ನು ಹತ್ತು ಸಲ ಓದಿದೆ. ಗಿಡಗಳಿಗೆ ಹೆಸರಿನ ಚೀಟಿ ಕಟ್ಟುವ ನಿನ್ನನ್ನೇ ಕರೆದು ಪುಸ್ತಕಕ್ಕೆ ಫೋಟೋ ತೆಗೆದುಕೊಡು ಅಂದಿದ್ದಾರೆ ಅಂದರೆ ಸಣ್ಣ ಮಾತಲ್ಲ. ಫೋನಿನಲ್ಲಿ ನೀನು ತೆಗೆದದ್ದನ್ನು ನೋಡಿಯೇ ಕೇಳಿರಬೇಕು. ಅದಕ್ಕೆ ಲೆನ್ಸ್ ಬದಲಾಯಿಸುವ ಕ್ಯಾಮೆರಾನೇ ಆಗಬೇಕು, ಅಂಗಡಿಗೆ ನಾನು ಹೋಗಲಾರೆ, ನೀವೇ ಹಿಡಿದು ನೋಡಿ ಹೇಳಿ ಅಂತ ಬರೆದಿದ್ದೀಯ. ‘ಅಂಗಡಿಯವರು ಮೊದಲು ನನ್ನ ಕೈ ನೋಡ್ತಾರಪ್ಪಾ, ಆಮೇಲೆ ಮುಖ ನೋಡ್ತಾರೆ’ ಅಂದಿದ್ದೀಯಲ್ಲ, ಆ ಸಾಲಿನ ಹತ್ತಿರ ಬಂದಾಗಲೆಲ್ಲ ಕಾಗದ ಮಡಿಸಿ ಇಟ್ಟುಬಿಡುತ್ತಿದ್ದೆ. ತಡವಾದದ್ದು ಅದಕ್ಕೇ.

ಕೊನೆಗೆ ಮಂಗಳವಾರ ಅರ್ಧ ದಿನ ರಜೆ ಹಾಕಿದೆ. ಹೊರಡುವ ಮುಂಚೆ ಪುಸ್ತಕ ಬೈಂಡಿಂಗಿನ ಬಟ್ಟೆಟೇಪು ತೆಗೆದುಕೊಂಡು ನನ್ನ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಅಂಗೈಗೆ ಮಡಚಿ ಬಿಗಿಯಾಗಿ ಸುತ್ತಿಕೊಂಡೆ. ನಿನಗೆ ಇಲ್ಲದ ಎರಡು ಬೆರಳು ನನಗೂ ಇರಬಾರದು, ಆಗಲೇ ಹಿಡಿತ ಗೊತ್ತಾಗುವುದು ಅಂತ. ಬಸ್ಸಿನಲ್ಲಿ ಯಾರೋ ಎದ್ದು ಸೀಟು ಬಿಟ್ಟುಕೊಟ್ಟರು. ನನಗೆ ನಾಚಿಕೆಯಾಯಿತು.

ಅಂಗಡಿಯಾಕೆ ನನ್ನ ವಯಸ್ಸಿನವಳೇ, ಕನ್ನಡಕವನ್ನು ತಲೆಯ ಮೇಲೆ ಸಿಕ್ಕಿಸಿಕೊಂಡು ಮೇಜಿನ ತುಂಬ ಅದನ್ನೇ ಹುಡುಕುತ್ತಿದ್ದಳು. ‘ಏನ್ ಯಜಮಾನ್ರೇ, ಕೈಗೆ ಏಟಾ?’ ಅಂದಳು. ‘ಇಲ್ಲಮ್ಮ, ಇದು ಮಗಳ ಕೈ’ ಅಂದೆ. ಮೊದಲು ನಕ್ಕಳು, ಆಮೇಲೆ ಪಾಪ ಸ್ಟೂಲು ಎಳೆದು ಕೂರಿಸಿದಳು.

ಮೊದಲು ಒಳಗೆ ಕನ್ನಡಿ ಇರುವ ದೊಡ್ಡ ಕ್ಯಾಮೆರಾ ಕೊಟ್ಟಳು. ಸುತ್ತಿಗೆಯ ಹಾಗಿತ್ತು. ಕಣ್ಣಿಗೆ ಹಿಡಿಯುತ್ತಿದ್ದಂತೆ ಜಾರಿತು, ಅವಳು ಪಟ್ಟಿ ಹಿಡಿದೆಳೆದಿದ್ದಕ್ಕೆ ಉಳಿಯಿತು. ಎರಡನೆಯದು ಕನ್ನಡಿ ಇಲ್ಲದ್ದು, ಮಿರರ್‌ಲೆಸ್ ಅನ್ನುತ್ತಾರಂತೆ, ಚಿಕ್ಕದು, ಹಗುರ. ಲೆನ್ಸ್ ಬಿಚ್ಚಿ ತೋರಿಸಿದಳು. ಒಳಗೆ ನೀಲಿಯಾಗಿ ಹೊಳೆಯುವ ಒಂದು ಚೌಕ, ಫೋಟೋ ಮೂಡುವುದು ಅದರ ಮೇಲೇ ಅಂತೆ. ಅದರ ಮೇಲೊಂದು ಧೂಳಿನ ಕಣ ಕಂಡ ಹಾಗಾಯಿತು. ನಾವು ಬೈಂಡಿಂಗಿನವರು ಪ್ರತಿ ಪುಸ್ತಕ ಮುಗಿದ ಮೇಲೂ ಅದರ ಬೆನ್ನಿಗೆ ಅಂಟಿದ ಕಾಗದದ ಚೂರು ಊದಿಯೇ ಕೆಳಗಿಡುವುದು. ಕ್ಯಾಮೆರಾ ಕೈಗೆ ಬಂದ ಕೂಡಲೇ ಅದೇ ಅಭ್ಯಾಸದಲ್ಲಿ ಉಫ್ ಅಂತ ಊದಿಬಿಟ್ಟೆ.

‘ಅಯ್ಯೋ! ಅದೇನು ಒಲೇನಾ ಊದೋಕೆ? ಎಂಜಲೆಲ್ಲ ಸೆನ್ಸರ್ ಮೇಲೆ ಹಾರ್ತು!’ ಅಂತ ಕಿತ್ತುಕೊಂಡಳು.

ಬೆವತುಹೋದೆ ಮಗಾ. ಆಕೆ ರಬ್ಬರಿನ ಉಂಡೆಯಲ್ಲಿ ಗಾಳಿ ಬಿಟ್ಟು, ಏನೇನೋ ಒರೆಸಿ, ಬಿಳಿ ಗೋಡೆಯ ಫೋಟೋ ತೆಗೆದು ನೋಡಿ, ‘ಏನಾಗಿಲ್ಲ ಬಿಡಿ, ಕೂತ್ಕೊಳ್ಳಿ’ ಅನ್ನುವವರೆಗೆ ನಿಂತೇ ಇದ್ದೆ. ಇನ್ನೂ ನಂಬಿಕೆಯಿಲ್ಲ, ನಾಳೆ ಅತ್ತ ಹೋದರೆ ಇನ್ನೊಂದು ಸಲ ಕೇಳಿ ಬರುತ್ತೇನೆ. ನೀನು ಮಾತ್ರ ಲೆನ್ಸ್ ಬದಲಾಯಿಸುವಾಗ ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಾಯಿಸು, ಗಾಳಿ ಬೀಸುವ ಕಡೆ ಬೇಡ, ಊದಲೇಬೇಡ.

ಹಗುರವಿದ್ದರೂ ತೊಂದರೆ ಹೋಗಲಿಲ್ಲ. ಎಲ್ಲ ಕ್ಯಾಮೆರಾದಲ್ಲೂ ಫೋಟೋ ಒತ್ತುವ ಗುಂಡಿ ಬಲಗಡೆಯೇ. ‘ಎಡಗೈಯವರಿಗೆ ಮಾಡಲ್ವಾ?’ ಅಂದೆ. ‘ನಲವತ್ತು ವರ್ಷದಿಂದ ಮಾರ್ತಿದ್ದೀನಿ, ಒಂದೂ ಕಂಡಿಲ್ಲ’ ಅಂದಳು. ಪರದೆ ಮುಟ್ಟಿದರೂ ಫೋಟೋ ಬರುತ್ತದೆಂದು ತೋರಿಸಿದಳು. ಆದರೆ ಮುಟ್ಟಲು ಎಡಗೈ ತೆಗೆದರೆ ಭಾರವೆಲ್ಲ ಮೂರು ಬೆರಳಿನ ಮೇಲೆ ಬಿದ್ದು ಕೈ ನಡುಗಿತು.

ಏನೂ ತೋಚದೆ ಕೈಯಲ್ಲಿ ತಿರುಗಿಸುತ್ತ ಕೂತೆ. ಹೊಲಿಗೆ ಗಟ್ಟಿಯಿದೆಯೋ ಎಂದು ನಾನು ಪುಸ್ತಕವನ್ನು ತಲೆಕೆಳಗೆ ಹಿಡಿದು ನೋಡುತ್ತೇನಲ್ಲ, ಹಾಗೆ ಹಿಡಿದೆ ನೋಡು, ಗುಂಡಿ ಎಡಗಡೆಗೆ ಬಂತು! ಎಡಗೈ ಹೆಬ್ಬೆರಳಿಗೇ ಸರಿಯಾಗಿ ಸಿಕ್ಕಿತು. ಒತ್ತಿದೆ, ಟಕ್ ಅಂತು. ಬಲಗೈಯ ಹೆಬ್ಬೆರಳೂ ಉಂಗುರಬೆರಳೂ ಕಿರುಬೆರಳೂ ಲೆನ್ಸ್ ತಿರುಗಿಸಲು ಧಾರಾಳ ಸಾಕು.

‘ಫೋಟೋ ತಲೆಕೆಳಗೆ ಬರಲ್ವೇನಮ್ಮ?’

‘ಬರ್ಲಿ ಬಿಡಿ, ಕಂಪ್ಯೂಟರ್‌ನಲ್ಲಿ ಒಂದ್ಸಲ ತಿರುಗಿಸಿದ್ರೆ ಆಯ್ತು. ಹೂವಿಗೇನು, ಬೇಜಾರಾಗುತ್ತಾ?’ ಅಂದವಳು ತಾನೂ ಇನ್ನೊಂದನ್ನು ತಲೆಕೆಳಗೆ ಹಿಡಿದು ನನ್ನ ಫೋಟೋ ತೆಗೆದಳು. ಅಂಗಡಿಗೆ ಬಂದವರೆಲ್ಲ ನಮ್ಮಿಬ್ಬರನ್ನು ಹುಚ್ಚರನ್ನು ನೋಡಿದ ಹಾಗೆ ನೋಡುತ್ತಿದ್ದರು.

ಹಾಗೆ ತಿರುಗಿಸಿ ನಾಲ್ಕು ನೋಡಿದೆವು. ಮೂರರಲ್ಲಿ ಗುಂಡಿ ಒಳಗೆ ಸರಿದಿದೆ, ಹೆಬ್ಬೆರಳು ತಡಕಾಡುತ್ತದೆ. ಮೊದಲು ತಿರುಗಿಸಿದ ಆ ಒಂದರಲ್ಲಿ ಮಾತ್ರ ಅಂಚಿನಲ್ಲೇ ಇಳಿಜಾರಾಗಿದೆ. ನನ್ನ ಮನಸ್ಸು ಅದರ ಮೇಲೆ. ಹೆಸರು, ನಂಬರು ಆಕೆಯೇ ಚೀಟಿಯಲ್ಲಿ ಬರೆದುಕೊಟ್ಟಿದ್ದಾಳೆ, ಇದರೊಳಗೆ ಇಟ್ಟಿದ್ದೇನೆ. ‘ಮೊದಲು ಹಗುರದ ಲೆನ್ಸ್ ಒಂದೇ ಸಾಕು, ಹೂವಿನ ತೀರಾ ಹತ್ತಿರ ಹೋಗೋ ಲೆನ್ಸನ್ನ ಕೈ ಪಳಗಿದ ಮೇಲೆ ಹಾಕ್ಕೊಳ್ಳಲಿ, ಬದಲಾಯಿಸೋ ಕ್ಯಾಮೆರಾ ತಗೊಳ್ಳೋದೇ ಅದಕ್ಕಲ್ವಾ’ ಅಂದಳು. ಲೆನ್ಸ್ ಬಿಚ್ಚಿ ಹಾಕುವುದನ್ನು ಟೇಪಿನ ಕೈಯಲ್ಲೇ ಹನ್ನೆರಡು ಸಲ ಮಾಡಿ ನೋಡಿದೆ. ಮಡಿಲಲ್ಲಿ ಇಟ್ಟುಕೊಂಡರೆ ಸುಲಭ, ನಿಂತು ಮಾಡಬೇಡ.

ಆದರೂ ನನ್ನ ಮಾತಿನ ಮೇಲೆ ತೆಗೆದುಕೊಳ್ಳಬೇಡ. ನನ್ನ ಕೈ ದಪ್ಪ, ನಿನ್ನದು ಸಣ್ಣ. ಬಂದು ಹಿಡಿದು ನೋಡು. ಆಕೆ ನಿನ್ನ ಕೈಯನ್ನು ಮೊದಲೇ ನೋಡಿ ಆಯಿತು, ಇನ್ನು ಮುಖ ನೋಡುವುದಷ್ಟೇ ಬಾಕಿ. ನಾನು ಬೇಕಾದರೆ ಹೊರಗೆ ನಿಲ್ಲುತ್ತೇನೆ.

ಅಮ್ಮ ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ತಲೆಗೆ ಎಣ್ಣೆ ಹಚ್ಚಿಕೊಳ್ಳುತ್ತೀಯೋ ಇಲ್ಲವೋ ಅಂತಲೂ. ನೀನು ಕಂಡದ್ದು ನಾಲ್ಕು ಜನರ ಕಣ್ಣಿಗೂ ಕಾಣಲಿ, ನಿನ್ನ ದಿನಗಳು ಹೂವಿನ ನಡುವೆಯೇ ಕಳೆಯಲಿ ಅಂತ ಹರಸುತ್ತೇನೆ.

ನಿನ್ನ
ಅಪ್ಪ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ.

ಟೇಪು ಬಿಚ್ಚುವಾಗ ಅಂಗಡಿಯಾಕೆ, ‘ಮಗಳ ಕೈಗೆ ಏನಾಗಿತ್ತು?’ ಅಂತ ಕೇಳಿದಳು. ‘ಆರು ವರ್ಷದವಳಿದ್ದಾಗ ತಂಟೆ ಮಾಡಿ ಕಾಗದ ಕತ್ತರಿಸುವ ಯಂತ್ರಕ್ಕೆ ಕೈ ಹಾಕಿದಳು’ ಅಂದೆ. ಇಪ್ಪತ್ತು ವರ್ಷದಿಂದ ಎಲ್ಲರಿಗೂ ಇದನ್ನೇ ಹೇಳಿದ್ದೇನೆ. ನಿನಗೂ ಇದನ್ನೇ ಹೇಳಿ ಬೆಳೆಸಿದೆ. ನಿನ್ನ ಕಾಗದದ ಕೊನೆಯಲ್ಲಿ ‘ನಾನೇ ಮಾಡಿಕೊಂಡಿದ್ದು, ಯಾರನ್ನ ದೂರಲಿ’ ಅಂತ ಬರೆದಿದ್ದೀಯ.

ನೀನು ಮಾಡಿಕೊಂಡದ್ದಲ್ಲ. ಅವತ್ತು ಯಂತ್ರಕ್ಕೆ ಇಟ್ಟ ಕಾಗದದ ಕಟ್ಟು ಜಾರುತ್ತಿತ್ತು. ಮೂಲೆಯಲ್ಲಿ ಆಡುತ್ತಿದ್ದ ನಿನ್ನನ್ನು ಕರೆದು, ‘ಒಂಚೂರು ಒತ್ತಿ ಹಿಡ್ಕೋ ಮಗಾ, ಏನಾದ್ರೂ ಬಿಡಬೇಡ’ ಅಂದವನು ನಾನು. ಆಚೆಯಿಂದ ಬೈಂಡಿಂಗ್ ಅಂಗಡಿಯ ಯಜಮಾನರು ಏನೋ ಕೇಳಿದರು. ತಿರುಗಿ ಉತ್ತರ ಕೊಡುತ್ತಲೇ ಕಾಲು ಅಭ್ಯಾಸದಂತೆ ಕತ್ತಿ ಇಳಿಸುವ ಪೆಡಲ್ ಮೇಲೆ ಹೋಯಿತು. ಬಿಡಬೇಡ ಅಂದಿದ್ದೆ, ನೀನು ಬಿಡಲಿಲ್ಲ.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟವಳೇ, ‘ಅಪ್ಪಾ, ನಾನು ತಪ್ಪು ಮಾಡಿದ್ನಾ?’ ಅಂತ ಕೇಳಿದೆ. ಪಕ್ಕದಲ್ಲಿ ಅಮ್ಮ ನಿಂತಿದ್ದಳು. ನಾನು ‘ಹೂಂ’ ಅಂದೆ. ಅವಳು ನಿನ್ನನ್ನು ಬೈಯುತ್ತಿದ್ದರೂ ಸುಮ್ಮನೆ ನಿಂತೆ.

ಇದನ್ನು ಅಂಚೆಗೆ ಹಾಕಿ ಬಂದು ಅಮ್ಮನಿಗೂ ಹೇಳುತ್ತೇನೆ. ಅಧಿಕಾರಿಗೆ ಹೂಂ ಅನ್ನುತ್ತೀಯೋ ಇಲ್ಲವೆನ್ನುತ್ತೀಯೋ ನಿನ್ನಿಷ್ಟ, ನನ್ನ ಜೊತೆ ಮಾತು ಬಿಡುವುದೂ ನಿನ್ನಿಷ್ಟ. ಕೈ ಯಾಕೆ ಹೀಗಿದೆ ಅಂತ ಇನ್ನು ಯಾರಾದರೂ ಕೇಳಿದರೆ ಮಾತ್ರ, ನಮ್ಮಪ್ಪ ಮಾಡಿದ್ದು ಅಂತ ಹೇಳು.