ಎಂಟಡಿ ಉದ್ದದ ಗುಡ್ಡ

ಭಾನುವಾರ, ಮಧ್ಯಾಹ್ನ ಮೂರು ಗಂಟೆ

ನನ್ನ ಮುದ್ದು ಅಮ್ಮಾ,

ಫೋನ್ ಇರುವಾಗ ಕಾಗದ ಯಾಕೆ ಅಂತ ಹುಬ್ಬೇರಿಸಬೇಡ. ಫೋನಿನಲ್ಲಾದರೆ ನೀನು ನಡುವೆ ‘ಊಟ ಆಯ್ತಾ’ ಅಂತ ಕೇಳಿ ನನ್ನ ಕಥೆಯನ್ನೇ ಹಳಿ ತಪ್ಪಿಸುತ್ತೀಯ. ಅಕ್ಷರ ಕೋಳಿ ಕೆದರಿದ ಹಾಗಿದ್ದರೆ ಬೈಯಬೇಡ, ಇಂಗ್ಲಿಷ್ ಮೀಡಿಯಮ್ಮಿಗೆ ಹಾಕಿದವಳು ನೀನೇ!

ನಾನು ತುಂಬಾ ತುಂಬಾ ಚೆನ್ನಾಗಿದ್ದೇನೆ. ಇವರು ಅಪ್ಪಟ ಚಿನ್ನ. ಟೀ ಮಾಡುತ್ತಾರೆ, ಸಕ್ಕರೆ ಮರೆಯುತ್ತಾರೆ, ಆಮೇಲೆ ನನ್ನ ಮುಖ ನೋಡಿಕೊಂಡು ಕುಡಿದು ‘ಸಿಹಿ ಇದೆಯಲ್ಲ’ ಅನ್ನುತ್ತಾರೆ. (ಇದನ್ನು ಅಪ್ಪನಿಗೆ ಓದಿ ಹೇಳಬೇಡ.) ಮನೆಯ ನೆನಪಾಗಿ ಅಳುವುದು ಗಿಳುವುದು ಏನೂ ಇಲ್ಲ.

ಇನ್ನು ನಮ್ಮ ಮಾವ. ನೀನು ಅವರಿಗೆ ಗುಮ್ಮನಗುಸುಕ ಅಂತ ಹೆಸರಿಟ್ಟೆಯಲ್ಲ, ಸರಿಯಾಗಿಯೇ ಇಟ್ಟೆ. ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿ ಅವರಿಗೆ ಸಣ್ಣ ವಸ್ತುಗಳ ಜೊತೆಗೇ ಸಲಿಗೆ. ಹಿಂದಿನ ಕೋಣೆಯಲ್ಲಿ ಎಂಟಡಿ ಮೇಜಿನ ಮೇಲೆ ಅವರದೊಂದು ಪುಟ್ಟ ರೈಲುಲೋಕ: ಬೆರಳುದ್ದದ ಬೋಗಿಗಳು, ಬೆಂಕಿಪೊಟ್ಟಣದಂಥ ಸ್ಟೇಷನ್, ಅಕ್ಕಿಕಾಳಿನಷ್ಟು ಪ್ರಯಾಣಿಕರು. ಅತ್ತೆ ತೀರಿಕೊಂಡ ಮೇಲೆ, ಆರು ವರ್ಷದಿಂದ, ದಿನಾ ಸಂಜೆ ಐದಕ್ಕೆ ಒಬ್ಬರೇ ಕೂತು ಗಾಡಿ ಬಿಡುತ್ತಾರೆ. ಹಿಂದೆ ಮಾತ್ರ ಮಾಸಿದ ನೀಲಿ ಗೋಡೆ, ಅಲ್ಲಲ್ಲಿ ಬೂಷ್ಟು ಹಿಡಿದಂಥ ಬಿಳಿ ಕಲೆ. ಇಲ್ಲಿ ಒಂದು ದೊಡ್ಡ ಫೋಟೋ ಅಂಟಿಸಿದರೆ ರೈಲು ನಿಜವಾದ ಊರಿನಲ್ಲಿ ಓಡಿದಂತೆ ಕಾಣುತ್ತದಲ್ಲವೇ? ಮಾವ ಖುಷಿಯಾಗಿ ನನ್ನ ಹತ್ತಿರ ಎರಡು ಮಾತಾಡಿಯಾರು! ಅಷ್ಟೇ ಅಮ್ಮಾ ನನ್ನ ಆಸೆ.

ನನ್ನ ಫೋನಿನಲ್ಲಿ ಗುಡ್ಡಗಳ ಏಳು ಫೋಟೋ ಇದ್ದವು, ನಿಂತಲ್ಲೇ ಸ್ವಲ್ಪ ಸ್ವಲ್ಪ ತಿರುಗುತ್ತ ತೆಗೆದವು. ಎಲ್ಲಿಯ ಗುಡ್ಡ ಅಂತ ಈಗ ಕೇಳಬೇಡ. ಕಂಪ್ಯೂಟರಿನಲ್ಲಿ ಅಂಚಿಗೆ ಅಂಚು ಹೊಂದಿಸಿದೆ. ಪ್ರಿಂಟಿಂಗ್ ಅಂಗಡಿಯವನು ‘ಏನ್ ಮೇಡಂ, ಎಲೆಕ್ಷನ್ನಿಗೆ ನಿಂತಿದ್ದೀರಾ?’ ಅಂದ. ಗುರುವಾರ ಮಾವ ಕಣ್ಣಿನ ಡಾಕ್ಟರ ಹತ್ತಿರ ಹೋದದ್ದೇ ತಡ, ಟೇಪ್ ಹಾಕಿ ಗೋಡೆಗೆ ಅಂಟಿಸಿಯೇ ಬಿಟ್ಟೆ.

ಮಾವ ಬಂದು ನೋಡಿದರು. ‘ಚೆನ್ನಾಗಿದೆ’ ಅಂದರು. ಐದಾಯಿತು, ಗಾಡಿ ಹೊರಡಲಿಲ್ಲ. ಶುಕ್ರವಾರವೂ ಹೊರಡಲಿಲ್ಲ. ಇವರನ್ನು ಹಿಡಿದು ಕೇಳಿದರೆ, ‘ಆ ಮೋಡ ಅಮ್ಮ ಬರೆದಿದ್ದು ಕಣೇ’ ಅಂದರು. ಮೋಡ! ನಾನು ಬೂಷ್ಟು ಅಂದುಕೊಂಡದ್ದು! ಮೊದಲೇ ಯಾಕೆ ಬಾಯಿ ಬಿಡಲಿಲ್ಲ ಅಂತ ರೇಗಿದೆ. ‘ಸರ್‌ಪ್ರೈಸ್ ಅಂತ ನನ್ನನ್ನೂ ಹೊರಗಿಟ್ಟು ಬಾಗಿಲು ಹಾಕ್ಕೊಂಡವಳು ಯಾರು?’ ಅಂದರು.

ನಿನ್ನೆ ಬೆಳಿಗ್ಗೆ ಫೋಟೋ ಬಿಡಿಸಿದೆ. ಅಮ್ಮಾ, ಟೇಪಿನ ಜೊತೆ ಅಂಗೈಯಗಲ ಮೋಡವೂ ಕಿತ್ತು ಬಂತು. ನೆಲದ ಮೇಲೆ ಕೂತು ಗೊಳೋ ಅಂತ ಅತ್ತುಬಿಟ್ಟೆ. (ಇದೊಂದೇ ಸಲ.)

ತಲೆಯೆತ್ತಿದರೆ ಮಾವ ಬಾಗಿಲಲ್ಲಿ. ಬೈಯಲಿಲ್ಲ. ಒಳಗಿನಿಂದ ಬಿಳಿ ಬಣ್ಣದ ಡಬ್ಬಿ ತಂದು, ಮುಚ್ಚಳ ತೆಗೆದು ನನ್ನ ಮುಂದಿಟ್ಟರು. ಬ್ರಷ್ ಎಲ್ಲಿ ಅಂತ ಕೇಳಿದೆ. ‘ಅವಳಿಗೆ ಬ್ರಷ್ ಹಿಡಿಯೋಕೆ ಬರ್ತಿರಲಿಲ್ಲ. ಬೆರಳಲ್ಲೇ ಒತ್ತಿದ್ದು’ ಅಂದರು. ಹತ್ತಿರ ಹೋಗಿ ನೋಡಿದರೆ ಮೋಡದ ತುಂಬ ಬೆರಳಿನ ಗುರುತು! ಕಿತ್ತ ಜಾಗದಲ್ಲಿ ನಾನೂ ಒತ್ತಿದೆ. ನನ್ನ ಬೆರಳು ಅತ್ತೆಯದಕ್ಕಿಂತ ಸ್ವಲ್ಪ ಸಣ್ಣದು.

ಆಮೇಲೆ ಇಬ್ಬರೂ ಕತ್ತರಿ ಹಿಡಿದು, ಗುಡ್ಡದ ಅಂಚಿನುದ್ದಕ್ಕೂ ಹೋಗಿ, ಫೋಟೋದ ಆಕಾಶವನ್ನೆಲ್ಲ ತೆಗೆದುಹಾಕಿದೆವು. ಬರೀ ಗುಡ್ಡವನ್ನು ರಟ್ಟಿಗೆ ಅಂಟಿಸಿ, ಗೋಡೆಗೆ ತಾಗದಂತೆ ನಾಲ್ಕು ಬೆರಳು ಮುಂದೆ ನಿಲ್ಲಿಸಿದೆವು. ನಾನು ಎತ್ತರಕ್ಕೆ ಹಿಡಿದರೆ, ‘ನೀವೆಲ್ಲ ನಿಂತು ನೋಡೋರು, ನಾನು ಕೂತು ನೋಡೋನು’ ಅಂತ ತಮ್ಮ ಸ್ಟೂಲಿನ ಕಣ್ಣಳತೆಗೆ ಇಳಿಸಿಕೊಂಡರು. ಈಗ ಕೆಳಗೆ ಗುಡ್ಡ, ಮೇಲೆ ಅತ್ತೆಯ ಮೋಡ! ಬಲತುದಿಯಲ್ಲಿ ಯಾರೋ ಟೆರೇಸಿನಲ್ಲಿ ಒಣಹಾಕಿದ ಹಳದಿ ಬೆಡ್‌ಶೀಟ್ ಗುಡ್ಡಕ್ಕಿಂತ ಎತ್ತರವಾಗಿ ಕಾಣುತ್ತಿತ್ತು. ಅದನ್ನೂ ಕತ್ತರಿಸಲು ಹೋದೆ. ಮಾವ ತಡೆದು, ‘ಯಾರ ಮನೇದು?’ ಅಂದರು. ನಾನು ಬಗ್ಗಿ ನೆಲದ ಮೇಲಿನ ಕಾಗದದ ಚೂರು ಆರಿಸತೊಡಗಿದೆ. ಅವರು ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು, ‘ಇರಲಿ ಬಿಡು ಮಗಳೇ’ ಅಂದರು.

ಸಂಜೆ ಐದಕ್ಕೆ ಸರಿಯಾಗಿ ಗಾಡಿ ಹೊರಟಿತು.

ಅಪ್ಪನ ಕೆನ್ನೆಗೊಂದು, ನಿನಗೆರಡು ಮುತ್ತು.

ನಿನ್ನ ಬಾಯಿಬಡುಕಿ ಮಗಳು

ಮರೆತ ಮಾತು: ಈಗ ಐದೂಕಾಲು. ಮದುವೆಗೆ ನಾಲ್ಕು ದಿನ ಮೊದಲು ಕ್ಯಾಮೆರಾ ಟೆಸ್ಟ್ ಮಾಡುತ್ತಿದ್ದೇನೆ ಅಂತ ಸುಳ್ಳು ಹೇಳಿ ನಮ್ಮ ಟೆರೇಸಿನಲ್ಲಿ ತಿರುಗುತ್ತಿದ್ದೆನಲ್ಲ, ‘ತಲೆ ಸುತ್ತಿ ಬೀಳ್ತೀಯ’ ಅಂತ ನೀನು ಬೈದೆಯಲ್ಲ, ಆ ಫೋಟೋಗಳೇ ಇವು. ಬೆಡ್‌ಶೀಟ್ ನಿನ್ನದೇ. ಇವತ್ತು ನೋಡಿದರೆ ಅದರ ಕೆಳಗೆ ಮಾವ ಒಂದು ಹೊಸ ಸ್ಟೇಷನ್ ಇಟ್ಟಿದ್ದಾರೆ. ಗಾಡಿ ಬೇರೆ ಕಡೆ ಅರ್ಧ ನಿಮಿಷ ನಿಲ್ಲುತ್ತದೆ, ಅಲ್ಲಿ ಎರಡು ನಿಮಿಷ. ಅಕ್ಕಿಕಾಳಿನ ಪ್ರಯಾಣಿಕ ಒಬ್ಬನೂ ಇಲ್ಲ, ಇಷ್ಟು ಹೊತ್ತು ಯಾಕೆ ಅಂತ ಕೇಳಿದೆ. ಪಕ್ಕಕ್ಕೆ ಇನ್ನೊಂದು ಸ್ಟೂಲ್ ಎಳೆದು, ‘ಇಳಿಯೋರು ಇಲ್ಲದಿದ್ರೇನು, ನೋಡೋರು ಇದ್ದಾರಲ್ಲ’ ಅಂದರು.