ಅಂಗೈಯಗಲದ ಸವತಿ

ರೀ,

ನಾನು ಆಸ್ಪತ್ರೆ ಡ್ಯೂಟಿಗೆ ಹೊರಟೆ. ಸಿನಿಮಾ ತುಂಬಿಟ್ಟ ನಿಮ್ಮ ಆ ಅಂಗೈಯಗಲದ ಕಂಪ್ಯೂಟರ್ ರಾತ್ರಿಯಿಡೀ ಆನ್ ಇದ್ದು ನಮ್ಮ ದೋಣಿಮನೆಯ ಬ್ಯಾಟರಿ ಪೂರ್ತಿ ಇಳಿದಿದೆ. ಬೆಳಿಗ್ಗೆ ನೀರಿನ ಪಂಪು ಓಡದೆ, ಮುಖಕ್ಕೆ ಸೋಪು ಹಚ್ಚಿಕೊಂಡು ನಿಂತಿದ್ದೆ. ಫ್ರಿಜ್ಜಿನ ಹಾಲು ಕೆಟ್ಟಿದೆ, ಚೆಲ್ಲಿ ಪಾತ್ರೆ ತೊಳೆದಿಡಿ.

"ಪಾಪ, ಅದು ಕುಡಿಯೋದು ಹನ್ನೆರಡೇ ವ್ಯಾಟು ಕಣೇ" ಅಂತೀರಿ. ಅದಕ್ಕೆ ಬಿಸಿಯಾಯಿತು ಅಂತ ನಿನ್ನೆ ಫ್ಯಾನನ್ನೇ ಅದರ ಕಡೆ ತಿರುಗಿಸಿದಿರಿ. ಪಕ್ಕದಲ್ಲೇ ಬೆವರುತ್ತಾ ಕೂತಿದ್ದ ನನ್ನನ್ನು ಪಾಪ ಅಂದಿದ್ದು ಯಾವಾಗ? ಹೌದು, ನನಗೆ ಹೊಟ್ಟೆಕಿಚ್ಚೇ.

ಮೋಡ ಸರಿದು ಸೋಲಾರ್‌ನಿಂದ ಬ್ಯಾಟರಿ ತುಂಬುವವರೆಗೆ ಏನೂ ಹಾಕಬೇಡಿ. ಕಂಪ್ಯೂಟರಿನ ವೈರು ಹುಡುಕಬೇಡಿ, ನನ್ನ ಬ್ಯಾಗಿನಲ್ಲಿದೆ. ಸಂಜೆ ಆರಕ್ಕೆ ನನ್ನನ್ನು ಕರೆದುಕೊಳ್ಳಲು ದಡಕ್ಕೆ ಬನ್ನಿ. ವೈರಿಗಾಗಿ ಬಂದರೂ ಸರಿ, ನನಗೋಸ್ಕರ ಬಂದೆ ಅಂತ ಹೇಳಿಬಿಡಿ.