ಯಾರು ಎಂದರೆ ‘ನಾ’ ಎಂದಷ್ಟೇ ಹೇಳುತ್ತಿದ್ದ ಕಾಲ

ಬೆಟಗೇರಿ, ಏಳನೆಯ ಓಣಿ
ಶಕವರ್ಷ ೨೧೯೭, ಆಷಾಢದ ಮೂವತ್ತೆರಡನೆಯ ತಿಥಿ, ಮಧ್ಯಾಹ್ನ

ಇನ್ನೂರೈವತ್ತು ವರ್ಷ ಹಿಂದಿನ ನನ್ನ ಹಿರಿಯರಿಗೆ ಮಾಂತವ್ವಳ ಶರಣು.

ಮೂವತ್ತೆರಡನೆಯ ತಿಥಿ ಎಲ್ಲಿಂದ ಬಂತು ಎಂದು ನಗಬೇಡಿ. ಬೇಸಿಗೆ ಮುಗಿಯದೆ ತಿಂಗಳು ಮುಗಿಸಬಾರದೆಂದು ನಮ್ಮ ಪಂಚಾಂಗದವರು ತೀರ್ಮಾನಿಸಿದ್ದಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಅಕ್ಷರ ಸೊಟ್ಟಗಾಗಿರುವುದಕ್ಕೆ ಕಾರಣ ಬೇರೆ. ನನಗೆ ಹೆದರಿಕೆಯಾಗಿದೆ, ಬಾಗಿಲಿಗೆ ಕಿವಿ ಹಚ್ಚಿಕೊಂಡೇ ಬರೆಯುತ್ತಿದ್ದೇನೆ.

ನನ್ನ ಎಂಟನೆಯ ವಯಸ್ಸಿನವರೆಗೆ ನಮ್ಮ ಓಣಿಯೂ ನಿಮ್ಮ ಓಣಿಯಂತೆಯೇ ಇತ್ತು. ಬೆಳಿಗ್ಗೆ ಕಸ ಹೊಡೆಯಲು ತೆರೆದ ಬಾಗಿಲನ್ನು ಮಲಗುವ ಹೊತ್ತಿಗೇ ಮುಚ್ಚುತ್ತಿದ್ದದ್ದು. ಎದುರುಮನೆಯ ಈರಮ್ಮ ಕಾಕು ನೇರವಾಗಿ ಅಡುಗೆಮನೆಗೆ ಬಂದು, ಪಾತ್ರೆಯ ಮುಚ್ಚಳ ತೆಗೆದು, “ಇವತ್ತೂ ಪುಂಡಿಪಲ್ಯಾನ ಏನವಾ?” ಎಂದು ಮೂಗು ಮುರಿದು, ಅದನ್ನೇ ಎರಡು ರೊಟ್ಟಿಯ ಮೇಲೆ ಹಾಕಿಸಿಕೊಂಡು ಹೋಗುತ್ತಿದ್ದಳು. ಅಪರೂಪಕ್ಕೆ ಬಾಗಿಲು ಮುಂದೆ ಮಾಡಿದ್ದರೆ ಯಾರಾದರೂ ಬಡಿಯುತ್ತಿದ್ದರು. ಅವ್ವ ಒಳಗಿನಿಂದಲೇ “ಯಾರು?” ಎನ್ನುತ್ತಿದ್ದಳು. ಹೊರಗಿನವರು “ನಾ” ಎನ್ನುತ್ತಿದ್ದರು. ಅಷ್ಟೇ, ಹೆಸರಿಲ್ಲ, ಊರಿಲ್ಲ. ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಬಾಗಿಲು ತೆಗೆಯುತ್ತಿದ್ದಳು. ನಾನೂ ತಂಗಿ ಕಸ್ತೂರಿಯೂ “ನಾ ಅಂದ್ರ ಯಾರ್ರೀ, ನಾಯಿನೋ ನರಿನೋ?” ಎಂದು ಕೂಗಿ ಬೆನ್ನಿಗೆ ಗುದ್ದು ತಿನ್ನುತ್ತಿದ್ದೆವು.

ಆಮೇಲೆ ಮನೆಮನೆಗೂ ಕೇಳುಗೋಡೆ ಬಂತು. ಹೇಳಿದ ಮಾತು ಕೇಳಿ ದೀಪ ಹಚ್ಚುವ, ನೀರು ಕಾಯಿಸುವ ಗೋಡೆ. ಎಷ್ಟು ಸುಖ ಅಂತೀರಿ! ಗೋಡೆಗೂ ಕಿವಿಯುಂಟು ಎಂದು ಗಾದೆ ಹೇಳುತ್ತಲೇ ನಾವು ಅದನ್ನು ಕೂರಿಸಿಕೊಂಡೆವು. ಕೇಳಿದ್ದನ್ನು ಅದು ಮರೆಯಲೇ ಇಲ್ಲ. ನಮ್ಮ ನಗು, ಜಗಳ, ಕೆಮ್ಮು ಎಲ್ಲವನ್ನೂ ಅದರಿಂದ ಕದ್ದು ಯಾರೋ ದನಿಗಳ್ಳರನ್ನು ಮಾಡಿ ಬಿಟ್ಟರು. ದನಿಗಳ್ಳನೆಂದರೆ ನಮ್ಮವರ ದನಿಯಲ್ಲಿ ಬಾಗಿಲು ಬಡಿಯುವ ಯಂತ್ರ. ತೆಗೆದ ಮನೆಯ ನೀರನ್ನೂ ಜನರನ್ನೂ ಹೊತ್ತೊಯ್ಯುತ್ತದೆ. ಈರಮ್ಮ ಕಾಕು ಗಂಡನ ದನಿಗೆ ಬಾಗಿಲು ತೆಗೆದಳು. ಅವನನ್ನು ಮಣ್ಣು ಮಾಡಿ ಆರು ತಿಂಗಳಾಗಿತ್ತು, ಅದು ಅವಳಿಗೂ ಗೊತ್ತಿತ್ತು, ಆದರೂ ತೆಗೆದಳು. ಮರುದಿನ ಆ ಮನೆಯಲ್ಲಿ ಯಾರೂ ಇರಲಿಲ್ಲ. ಬಂದವರು ಯಾರೆಂದು ಇಣುಕಿ ನೋಡೋಣವೆಂದರೆ ನಮ್ಮ ಮನೆಗಳಿಗೆ ಕಿಟಕಿಯಿಲ್ಲ. ಮೈ ಸುಡುವ ಕಾವುಗಾಳಿಗೆ ಹೆದರಿ ಎಲ್ಲವನ್ನೂ ಮುಚ್ಚಿದ್ದೇವೆ.

ಕಸ್ತೂರಿ ಹನ್ನೊಂದು ವರ್ಷದ ಹಿಂದೆ ನೀರಿರುವ ಸೀಮೆ ಹುಡುಕಿಕೊಂಡು ಹೋದವಳು. ಅವಳಿಂದ ಒಂದು ಸುದ್ದಿಯೂ ಇರಲಿಲ್ಲ. ಮೂರು ದಿನದ ಹಿಂದೆ ಇದೇ ಹೊತ್ತಿಗೆ ಬಾಗಿಲು ಬಡಿದ ಸದ್ದಾಯಿತು. ಯಾರು ಎಂದೆ. “ನಾ” ಎಂದಿತು ದನಿ. ಕಸ್ತೂರಿಯದೇ ದನಿ. “ಅಕ್ಕಾ, ನಾನ. ಬಾಗ್ಲಾ ತಗಿಯವಾ, ಗಾಳಿ ಭಾಳ ಐತಿ.” ನಿಮ್ಮ ಕಾಲದವರು ದೆವ್ವಕ್ಕೆಂದು ಬಾಗಿಲ ಮೇಲೆ ಬರೆಯುತ್ತಿದ್ದರಂತಲ್ಲ, ಅದೇ ಮಾತು ನನ್ನ ಬಾಯಿಗೆ ಬಂತು. “ನಾಳಿ ಬಾ” ಎಂದೆ. ಮರುದಿನ ಬಂದಳು. ನಾಳಿ ಬಾ ಎಂದೆ.

ನಿನ್ನೆ ದನಿ ಒಡೆದಿತ್ತು. ಪರೀಕ್ಷೆ ಮಾಡೋಣವೆಂದು, ಅವ್ವ ಬೆಲ್ಲ ಎಲ್ಲಿ ಬಚ್ಚಿಡುತ್ತಿದ್ದಳು ಹೇಳು ಎಂದೆ. “ಅಟ್ಟದ ಮ್ಯಾಲ” ಎಂದಳು. ಅವ್ವ ಇಡುತ್ತಿದ್ದದ್ದು ಜೋಳದ ಚೀಲದಲ್ಲಿ. ಸಿಕ್ಕಿಬಿದ್ದೆಯಲ್ಲೋ ಕಳ್ಳಾ ಎಂದು ಒದರಿದೆ. ಹೊರಗಿನಿಂದ, “ನಂಗೇನ್ ಗೊತ್ತ, ಅಕ್ಕಾ? ನೀನ ಕದ್ದು ತಿಂದು ನನ್ನ ಹೆಸರು ಹೇಳ್ತಿದ್ದಿ” ಎಂದಳು. ನಾನು ಕಿವಿ ಮುಚ್ಚಿಕೊಂಡು ಕೂತೆ.

ಇವತ್ತು ಯಾರೂ ಬಡಿಯಲಿಲ್ಲ. ಬೆಳಗಿನಿಂದ ಬಾಗಿಲಿಗೆ ಕಿವಿ ಹಚ್ಚಿದ್ದೇನೆ, ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ದನಿಗಳ್ಳ ಲೆಕ್ಕ ತಪ್ಪುವುದಿಲ್ಲ, ಗೋಡೆ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳುತ್ತಾನೆ. ಅವನಾಗಿದ್ದರೆ ಜೋಳದ ಚೀಲವೆಂದೇ ಹೇಳುತ್ತಿದ್ದ. ಹಿಡಿದ ಬಾಗಿಲನ್ನು ತೆಗೆಸುವವರೆಗೆ ಬಿಡುವುದೂ ಇಲ್ಲ, ಈರಮ್ಮ ಕಾಕುವಿನ ಬಾಗಿಲಲ್ಲಿ ನಲವತ್ತು ದಿನ ಕೂತಿದ್ದ. ಇದು ನಮ್ಮ ಓಣಿಯ ಕೂಸಿಗೂ ಗೊತ್ತು. ಹೆದರಿದ ನನಗೆ ಮಾತ್ರ ನೆನಪಾಗಲಿಲ್ಲ. ಕಾವುಗಾಳಿಯಲ್ಲಿ ಮನುಷ್ಯಜೀವ ಮೂರು ದಿನಕ್ಕಿಂತ ಹೆಚ್ಚು ತಾಳುವುದಿಲ್ಲ.

ಹಿರಿಯರೇ, ನಿಮ್ಮ ಕಾಲು ಹಿಡಿದು ಕೇಳುತ್ತೇನೆ, ನಿಮ್ಮ ದನಿಯನ್ನು ಕಂಡಕಂಡ ಗೋಡೆಗೆ, ಪೆಟ್ಟಿಗೆಗೆ ಕೊಡಬೇಡಿ. ದೀಪ ಹಚ್ಚಲು ನಿಮಗೆ ಕೈಗಳಿವೆ.

ಈಗ ಎದ್ದು ಅಗುಳಿ ತೆಗೆಯುತ್ತೇನೆ. ಮೂರು ದಿನ ದೇವರಲ್ಲಿ ಒಂದೇ ಬೇಡಿದೆ, ಹೊರಗಿರುವುದು ಕಳ್ಳನಾಗದಿರಲಿ ಎಂದು. ಈಗ, ಕಳ್ಳನೇ ಆಗಿರಲಪ್ಪಾ ಎಂದು ಬೇಡುತ್ತಿದ್ದೇನೆ.